ಕೀಪರ್ ಬಾಕ್ಸಿನ ಹೊರಗೆ ಕೈ ಹಾಕಿದರೆ ಕೆಂಪು ಕಾರ್ಡೇ ಗತಿಯಾ?

ಪ್ರಶ್ನೆ: ಸರ್, ನಮ್ಮದು ಕಾರವಾರದ ಒಂದು ಚಿಕ್ಕ ಫುಟ್‌ಬಾಲ್ ಕ್ಲಬ್. ಹೋದ ವಾರದ ಲೀಗ್ ಪಂದ್ಯದಲ್ಲಿ ಸ್ಕೋರು 1-1 ಇದ್ದಾಗ ಎದುರಾಳಿಗಳು ಮಧ್ಯದಿಂದ ಒಂದು ಚೆಂಡನ್ನು ಎತ್ತಿ ಹೊಡೆದರು. ಅವರ ಸ್ಟ್ರೈಕರ್ ಬಲಗಡೆಯಿಂದ ಓಡಿ ಬರುತ್ತಿದ್ದ, ನಮ್ಮ ಲೆಫ್ಟ್ ಬ್ಯಾಕ್ ಅವನ ಪಕ್ಕದಲ್ಲೇ ಇದ್ದ. ನಮ್ಮ ಕೀಪರ್ ಬಾಕ್ಸಿನ ಅಂಚಿಗೆ ಬಂದು, ಹಾರಿ, ಕೈಯಿಂದ ಚೆಂಡನ್ನು ಹೊರಗೆ ತಳ್ಳಿದ. ರೆಫರಿ ನೇರ ಕೆಂಪು ಕಾರ್ಡ್ ತೋರಿಸಿದರು. ಕೀಪರ್ ಕಾಲು ಗೆರೆಯ ಒಳಗಿತ್ತು ಅಂತ ನಾವು, ಚೆಂಡು ಒಂದು ಮಾರು ಹೊರಗಿತ್ತು ಅಂತ ಅವರು. ಅವರ ಹತ್ತಿರ ಗೋಲಿನ ಹಿಂದಿನ ಕಂಪೌಂಡ್ ಮೇಲಿಂದ ತೆಗೆದ ವಿಡಿಯೊ ಇದೆ. ನಮ್ಮದು ಸೆಂಟರ್ ಲೈನ್ ಹತ್ತಿರದ ಗ್ಯಾಲರಿಯಿಂದ ತೆಗೆದದ್ದು. ಬದಲಿ ಆಟಗಾರರನ್ನು ಇಳಿಸುವ ಅವಕಾಶ ಮುಗಿದಿದ್ದರಿಂದ ಲೆಫ್ಟ್ ಬ್ಯಾಕೇ ಗ್ಲೌಸ್ ಹಾಕಿಕೊಂಡು ಗೋಲಿಗೆ ನಿಂತ. 2-1ರಲ್ಲಿ ಸೋತೆವು. ಕೋಡಿಬಾಗದಿಂದ ಬೈತಖೋಲ್ ತನಕ ಈಗ ಇದೇ ಮಾತು. ಅಪೀಲು ಹಾಕಿದರೆ ಕಾರ್ಡ್ ರದ್ದಾಗುತ್ತದಾ? ಪಂದ್ಯ ಮತ್ತೆ ಆಡಿಸುತ್ತಾರಾ? ಲೆಫ್ಟ್ ಬ್ಯಾಕ್ ಗ್ಲೌಸ್ ಹಾಕಿದ್ದೇ ತಪ್ಪು ಅಂತ ಅವರು ಹೇಳುತ್ತಿದ್ದಾರೆ, ಹೌದಾ?

ಉತ್ತರ: ಕಾರ್ಡಿನ ಶಿಕ್ಷೆ ರದ್ದಾಗಬಹುದು. ಪಂದ್ಯ ಮತ್ತೆ ನಡೆಯುವುದಿಲ್ಲ. ಆದರೆ ನೀವು ಈಗ ವಾದ ಮಾಡುತ್ತಿರುವ ಹಾಗೆಯೇ ಅಪೀಲು ಬರೆದರೆ ಅದರ ಜೊತೆ ಕಟ್ಟಿದ ಠೇವಣಿ ಹೋಗುತ್ತದೆ, ಅಷ್ಟೇ. ಎರಡೂ ಕಡೆಯವರು ಗೆರೆ ಹಿಡಿದುಕೊಂಡು ಕೂತಿದ್ದೀರಿ. ಕೆಂಪು ಕಾರ್ಡ್ ನಿಂತಿರುವುದು ಗೆರೆಯ ಮೇಲಲ್ಲ.

ಆದರೂ ಗೆರೆಯ ವಿಷಯ ಮುಗಿಸಿಯೇ ಮುಂದೆ ಹೋಗೋಣ, ಇಲ್ಲದಿದ್ದರೆ ನಿಮ್ಮ ಚಹಾ ಅಂಗಡಿಯಲ್ಲಿ ಯಾರೂ ಮುಂದಿನ ಮಾತು ಕೇಳುವುದಿಲ್ಲ.

ಪೆನಾಲ್ಟಿ ಬಾಕ್ಸಿನ ಗೆರೆ ಬಾಕ್ಸಿಗೇ ಸೇರಿದ್ದು. ಗೋಲ್ ಲೈನಿನಿಂದ 16.5 ಮೀಟರ್ ಮುಂದಕ್ಕೆ, ಎರಡೂ ಕಂಬಗಳಿಂದ ಪಕ್ಕಕ್ಕೂ ಅಷ್ಟೇ ದೂರ. ಗೆರೆಯ ಅಗಲ ಹೆಚ್ಚೆಂದರೆ 12 ಸೆಂಟಿಮೀಟರ್. ಆ ಗೆರೆಯ ಮೇಲಿದ್ದರೂ ಒಳಗೆ ಇದ್ದ ಹಾಗೇ ಲೆಕ್ಕ. ಕೀಪರ್ ಕಾಲು ಎಲ್ಲಿತ್ತು ಅನ್ನುವುದಕ್ಕೆ ಇಲ್ಲಿ ಬೆಲೆಯೇ ಇಲ್ಲ. ಕೈ ಚೆಂಡಿಗೆ ತಾಗಿದ್ದು ಎಲ್ಲಿ ಅನ್ನುವುದಷ್ಟೇ ಮುಖ್ಯ. ಎರಡೂ ಕಾಲು ಬಾಕ್ಸಿನಲ್ಲಿಟ್ಟು, ಮುಂದಕ್ಕೆ ಬಾಗಿ, ಹೊರಗಿರುವ ಚೆಂಡು ಹಿಡಿದರೆ ಅದು ಹ್ಯಾಂಡ್‌ಬಾಲ್. ಮೈಯೆಲ್ಲ ಹೊರಗಿದ್ದು, ಕೈ ಮಾತ್ರ ಒಳಗೆ ಚಾಚಿ ಒಳಗಿರುವ ಚೆಂಡು ಹಿಡಿದರೆ ತಪ್ಪೇ ಅಲ್ಲ. ಹಾಗಾಗಿ "ಕಾಲು ಒಳಗಿತ್ತು" ಅನ್ನುವ ನಿಮ್ಮ ವಾದ ಇವತ್ತಿಗೇ ಬಿಟ್ಟುಬಿಡಿ. ಅಪೀಲಿನಲ್ಲಿ ಆ ಸಾಲು ಕಂಡರೆ, ಬರೆದವರಿಗೆ ನಿಯಮ ಗೊತ್ತಿಲ್ಲ ಅಂತ ಸಮಿತಿಗೆ ಅನಿಸುತ್ತದೆ. ಆಮೇಲೆ ನೀವು ಏನು ಹೇಳಿದರೂ ಅರ್ಧ ಕಿವಿಯಲ್ಲೇ ಕೇಳುತ್ತಾರೆ.

ಇನ್ನು ವಿಡಿಯೊ. ನಿಮ್ಮ ಪತ್ರದಲ್ಲಿ ನನಗೆ ಖುಷಿ ಕೊಟ್ಟ ಭಾಗ ಇದು. ಅವರ ವಿಡಿಯೊದಲ್ಲಿ ಚೆಂಡು ಹೊರಗೆ ಕಾಣುತ್ತದೆ, ನಿಮ್ಮದರಲ್ಲಿ ಒಳಗೆ ಕಾಣುತ್ತದೆ, ಅಲ್ವಾ? ನೋಡದೆಯೇ ಹೇಳಬಹುದು. ಯಾರೂ ಸುಳ್ಳು ಹೇಳುತ್ತಿಲ್ಲ.

ಚೆಂಡು ಗಾಳಿಯಲ್ಲಿತ್ತು. ಎತ್ತರದಿಂದ ನೋಡುವ ಕ್ಯಾಮೆರಾಕ್ಕೆ, ಗಾಳಿಯಲ್ಲಿರುವ ಚೆಂಡು ಅದರ ನೇರ ಕೆಳಗಿನ ನೆಲದ ಮೇಲೆ ಕಾಣುವುದಿಲ್ಲ. ಅದರ ಆಚೆಗಿನ ನೆಲದ ಮೇಲೆ ಕಾಣುತ್ತದೆ. ಕ್ಯಾಮೆರಾ ನಾಲ್ಕು ಮೀಟರ್ ಎತ್ತರದಲ್ಲಿ, ಚೆಂಡು ಎರಡು ಮೀಟರ್ ಎತ್ತರದಲ್ಲಿ ಇದ್ದರೆ, ಚಿತ್ರದಲ್ಲಿ ಚೆಂಡು ಮುಚ್ಚಿರುವ ನೆಲ ಕ್ಯಾಮೆರಾದಿಂದ ಚೆಂಡಿನ ಎರಡು ಪಟ್ಟು ದೂರದಲ್ಲಿರುತ್ತದೆ. ಗೋಲಿನ ಹಿಂದಿನ ಕಂಪೌಂಡ್ ಮೇಲಿಂದ ತೆಗೆದರೆ ಈ "ಆಚೆ" ಅಂದರೆ ಬಾಕ್ಸಿನ ಹೊರಗೆ. ಸೆಂಟರ್ ಲೈನ್ ಕಡೆಯ ಗ್ಯಾಲರಿಯಿಂದ ಗೋಲಿನ ಕಡೆ ತಿರುಗಿಸಿ ತೆಗೆದರೆ "ಆಚೆ" ಅಂದರೆ ಬಾಕ್ಸಿನ ಒಳಗೆ. ಎರಡೂ ವಿಡಿಯೊ ತಮ್ಮ ತಮ್ಮ ಮಾಲೀಕರಿಗೆ ಬೇಕಾದದ್ದನ್ನೇ ತೋರಿಸುತ್ತವೆ! ಬಾಕ್ಸಿನ ಗೆರೆಯ ನೇರಕ್ಕೆ ಸೈಡ್ ಲೈನಿನಲ್ಲಿ ನಿಂತು ತೆಗೆದ ವಿಡಿಯೊ ಇದ್ದರೆ ಮಾತ್ರ ಏನಾದರೂ ಹೇಳಬಹುದು.

ಅಲ್ಲಿಯೂ ಒಂದು ತೊಡಕಿದೆ. ಸಾಮಾನ್ಯ ಮೊಬೈಲ್ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಚೆಂಡು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿದ್ದರೆ, ಅಂದರೆ ಸೆಕೆಂಡಿಗೆ 20 ಮೀಟರ್, ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಅದು ಸುಮಾರು 67 ಸೆಂಟಿಮೀಟರ್ ಸರಿದಿರುತ್ತದೆ. ಚೆಂಡಿನ ಅಗಲವೇ ಸುಮಾರು 22 ಸೆಂಟಿಮೀಟರ್. ಮೂರು ಚೆಂಡಿನಷ್ಟು ಜಾಗ ವಿಡಿಯೊದಲ್ಲಿ ಇಲ್ಲವೇ ಇಲ್ಲ. ಕೈ ತಾಗಿದ ಕ್ಷಣ ಆ ಸಂದಿಯಲ್ಲಿ ಬಿದ್ದಿದ್ದರೆ, ಎಷ್ಟು ದೊಡ್ಡದು ಮಾಡಿ ನೋಡಿದರೂ ಸಿಗುವುದಿಲ್ಲ. ನಮ್ಮ ಕಡೆಯ ಮೈದಾನಗಳಲ್ಲಿ ಗೆರೆಯನ್ನು ಸುಣ್ಣದ ಪುಡಿ ಹಾಕಿ ಎಳೆಯುತ್ತಾರೆ. ಮಳೆಗಾಲ ಮುಗಿದ ಹೊಸದರಲ್ಲಿ ಹುಲ್ಲಿನ ನಡುವೆ ಅದು ಅರ್ಧ ಕಾಣುತ್ತದೆ, ಅರ್ಧ ಆಟಗಾರರ ಬೂಟಿಗೆ ಅಂಟಿಕೊಂಡು ಹೋಗಿರುತ್ತದೆ. ಇಂಥ ಗೆರೆಯ ಮೇಲೆ ಅಪೀಲು ಕಟ್ಟಬೇಡಿ. ಚೆಂಡು ಎಲ್ಲಿತ್ತು ಅನ್ನುವುದು ರೆಫರಿ ಮತ್ತು ಲೈನ್ಸ್‌ಮನ್ ಕಣ್ಣಿಗೆ ಬಿಟ್ಟ ವಿಷಯ, ಅವರು ಹೊರಗೆ ಅಂದರೆ ಹೊರಗೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹ್ಯಾಂಡ್‌ಬಾಲ್ ಆಗಿದೆ ಅಂತಲೇ ಒಪ್ಪಿಕೊಳ್ಳೋಣ. ಹಾಗಾದರೆ ಕೆಂಪು ಕಾರ್ಡ್ ತಾನಾಗಿಯೇ ಬರುತ್ತದಾ? ಇಲ್ಲ. ನಮ್ಮ ಕರಾವಳಿಯಲ್ಲಿ ಒಂದು ನಂಬಿಕೆ ಬೇರು ಬಿಟ್ಟಿದೆ: ಕೀಪರ್ ಬಾಕ್ಸಿನ ಹೊರಗೆ ಕೈಯಲ್ಲಿ ಮುಟ್ಟಿದ ಅಂದರೆ ಸೀದಾ ಮನೆಗೆ. ಆಟಗಾರರು, ಕೋಚ್‌ಗಳು, ಕೆಲವು ಸಲ ಸೀಟಿ ಹಿಡಿದವರೂ ಇದನ್ನೇ ನಂಬಿರುತ್ತಾರೆ. ನಿಯಮ ಪುಸ್ತಕದಲ್ಲಿ ಹಾಗೆ ಬರೆದಿಲ್ಲ. ಬಾಕ್ಸಿನ ಹೊರಗಿರುವ ಚೆಂಡಿಗೆ ಕೈ ಹಾಕಿದ ಕೀಪರ್ ಉಳಿದ ಹತ್ತು ಜನರ ಹಾಗೆಯೇ ಒಬ್ಬ ಆಟಗಾರ, ಅಷ್ಟೇ. ಸೆಂಟರ್ ಬ್ಯಾಕ್ ಕೈ ಹಾಕಿದ್ದರೆ ಯಾವ ಕಾರ್ಡ್ ಬರುತ್ತಿತ್ತೋ ಇವನಿಗೂ ಅದೇ. ಬರೀ ಫ್ರೀ ಕಿಕ್ ಆಗಬಹುದು. ಒಳ್ಳೆಯ ದಾಳಿ ತಡೆದಿದ್ದರೆ ಹಳದಿ. ಗೋಲನ್ನೇ ತಡೆದಿದ್ದರೆ, ಅಥವಾ ಖಚಿತವಾದ ಗೋಲು ಅವಕಾಶ ತಪ್ಪಿಸಿದ್ದರೆ ಮಾತ್ರ ಕೆಂಪು.

ಖಚಿತ ಅವಕಾಶ ಅಂದರೆ ಯಾವುದು ಅಂತ ನೋಡಲು ರೆಫರಿಗೆ ನಾಲ್ಕು ಪ್ರಶ್ನೆ ಕೊಟ್ಟಿದ್ದಾರೆ. ತಪ್ಪು ನಡೆದ ಜಾಗದಿಂದ ಗೋಲು ಎಷ್ಟು ದೂರ? ಆಟ ಯಾವ ದಿಕ್ಕಿಗೆ ಸಾಗುತ್ತಿತ್ತು? ಆ ಚೆಂಡು ಸ್ಟ್ರೈಕರ್ ಹತೋಟಿಗೆ ಬರುತ್ತಿತ್ತಾ? ಡಿಫೆಂಡರ್‌ಗಳು ಎಲ್ಲಿದ್ದರು, ಎಷ್ಟು ಜನ ಇದ್ದರು? ಇದರಲ್ಲಿ ಒಂದಕ್ಕೆ ಉತ್ತರ ಸಡಿಲವಾದರೂ "ಖಚಿತ" ಅನ್ನುವುದು ಅನುಮಾನಕ್ಕೆ ಬರುತ್ತದೆ.

ಇದೇ ಕಾರಣಕ್ಕೆ 2025ರ ಎಫ್‌ಎ ಕಪ್ ಫೈನಲ್‌ನಲ್ಲಿ ಇಂಗ್ಲೆಂಡ್ ಇಡೀ ಜಗಳಕ್ಕೆ ಬಿದ್ದಿತ್ತು. ಮೇ 17, ವೆಂಬ್ಲಿ ಮೈದಾನ. ಕ್ರಿಸ್ಟಲ್ ಪ್ಯಾಲೇಸ್ ಕೀಪರ್ ಡೀನ್ ಹೆಂಡರ್ಸನ್ ಬಾಕ್ಸಿನ ಹೊರಗೆ ಬಂದು, ಮ್ಯಾಂಚೆಸ್ಟರ್ ಸಿಟಿ ಸ್ಟ್ರೈಕರ್ ಹಾಲಂಡ್ ಕಾಲಿಗೆ ಸಿಗಬೇಕಿದ್ದ ಚೆಂಡನ್ನು ಕೈಯಲ್ಲಿ ತಳ್ಳಿದರು. ಮೈದಾನದ ರೆಫರಿ ಏನೂ ಕೊಡಲಿಲ್ಲ. ವಿಡಿಯೊ ರೆಫರಿ ನೋಡಿದರು. ಚೆಂಡು ಗೋಲಿನಿಂದ ಪಕ್ಕಕ್ಕೆ ಸರಿಯುತ್ತಿತ್ತು, ಹಾಗಾಗಿ ಖಚಿತ ಅವಕಾಶ ಅಲ್ಲ ಅಂದರು. ಕೆಂಪು ಇಲ್ಲ. ಬರೀ ಹಳದಿಗೆ ಅಥವಾ ಫ್ರೀ ಕಿಕ್‌ಗೆ ವಿಡಿಯೊ ರೆಫರಿ ಕೈ ಹಾಕುವ ಹಾಗಿಲ್ಲ, ಹಾಗಾಗಿ ಅದೂ ಇಲ್ಲ. ಸ್ವಲ್ಪ ಹೊತ್ತಿಗೆ ಅದೇ ಹೆಂಡರ್ಸನ್ ಸಿಟಿಯ ಮರ್ಮೂಷ್ ಹೊಡೆದ ಪೆನಾಲ್ಟಿ ತಡೆದರು. ಪ್ಯಾಲೇಸ್ 1-0ಯಲ್ಲಿ ಗೆದ್ದು ತನ್ನ ಮೊದಲ ದೊಡ್ಡ ಕಪ್ ಎತ್ತಿತು. ಸಿಟಿ ಅಭಿಮಾನಿಗಳು ಇವತ್ತಿಗೂ ಹಲ್ಲು ಕಡಿಯುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಹಾಲಂಡ್ ಅಂಥ ಆಟಗಾರ ಆ ಚೆಂಡನ್ನು ಬಿಡುತ್ತಿದ್ದನಾ ಅನ್ನುವ ಅನುಮಾನ ನನಗೂ ಇದೆ. ಆದರೆ ತೀರ್ಪಿಗೆ ಕೊಟ್ಟ ಕಾರಣ ನಿಯಮದೊಳಗಿನದೇ.

ಇದಕ್ಕೆ ಎದುರಾಗಿ ಲಿವರ್‌ಪೂಲ್ ಕೀಪರ್ ಅಲಿಸನ್ ಪ್ರಕರಣ ಇಡಿ. 2019ರ ನವೆಂಬರ್ 30, ಲಿವರ್‌ಪೂಲ್ ಮತ್ತು ಬ್ರೈಟನ್ ಪಂದ್ಯ. ಬ್ರೈಟನ್‌ನ ಟ್ರೊಸ್ಸಾರ್ಡ್ ತನ್ನ ತಲೆಯ ಮೇಲಿಂದ ದಾಟಿಸಲು ಎತ್ತಿ ಹಾಕಿದ ಚೆಂಡನ್ನು ಅಲಿಸನ್ ಬಾಕ್ಸಿನ ಹೊರಗೆ ಕೈಯಲ್ಲಿ ತಡೆದರು. ಚೆಂಡು ಗೋಲಿನ ಕಡೆಗೇ ಹೊರಟಿತ್ತು. ಕೆಂಪು. ಅಲ್ಲಿ ವಾದಕ್ಕೆ ಜಾಗವೇ ಇರಲಿಲ್ಲ. ಇನ್ನೂ ಹಿಂದೆ ಹೋದರೆ 1994ರ ವಿಶ್ವಕಪ್. ಇಟಲಿಯ ಪಲ್ಯೂಕಾ ನಾರ್ವೆ ವಿರುದ್ಧ 21ನೇ ನಿಮಿಷದಲ್ಲಿ ಇದೇ ತಪ್ಪಿಗೆ ಹೊರಗೆ ಹೋದರು. ವಿಶ್ವಕಪ್ ಪಂದ್ಯದಲ್ಲಿ ಕೆಂಪು ಕಾರ್ಡ್ ಕಂಡ ಮೊದಲ ಕೀಪರ್ ಅವರೇ. ಬದಲಿ ಕೀಪರ್ ತರಲು ಕೋಚ್ ಸಾಕ್ಕಿ ಹೊರಗೆ ಕರೆದದ್ದು ಬೇರೆ ಯಾರನ್ನೂ ಅಲ್ಲ, ತಂಡದ ದೊಡ್ಡ ತಾರೆ ರಾಬರ್ಟೊ ಬಾಜಿಯೊನನ್ನು! ಹತ್ತೇ ಜನ ಆಡಿ ಇಟಲಿ 1-0ಯಲ್ಲಿ ಗೆದ್ದಿತು.

ನಿಮ್ಮ ಕೀಪರ್ ವಿಷಯ ಇವೆರಡರಲ್ಲಿ ಯಾವುದಕ್ಕೆ ಹತ್ತಿರ? ನೀವು ಬರೆದಿರುವುದನ್ನು ನೋಡಿದರೆ ಹೆಂಡರ್ಸನ್ ಕಡೆಗೆ. ಅದು ಗೋಲಿಗೆ ಹೊಡೆದ ಹೊಡೆತ ಅಲ್ಲ, ದೂರದ ಪಾಸ್. ಸ್ಟ್ರೈಕರ್ ಬಲಗಡೆಯಿಂದ ಓರೆಯಾಗಿ ಬರುತ್ತಿದ್ದ. ಲೆಫ್ಟ್ ಬ್ಯಾಕ್ ಪಕ್ಕದಲ್ಲೇ ಇದ್ದ. ಆದರೆ ಇಲ್ಲಿ ಅವಸರ ಮಾಡಬೇಡಿ. ಪಕ್ಕದಲ್ಲಿ ಡಿಫೆಂಡರ್ ಇದ್ದ ಮಾತ್ರಕ್ಕೆ ಕಾರ್ಡ್ ತಪ್ಪುವುದಿಲ್ಲ. ಅವನು ಸ್ಟ್ರೈಕರ್‌ಗಿಂತ ಗೋಲಿಗೆ ಹತ್ತಿರ ಇದ್ದನಾ, ಅಥವಾ ಬೆನ್ನ ಹಿಂದೆ ಓಡುತ್ತಿದ್ದನಾ? ಕೀಪರ್ ಮುಟ್ಟದೇ ಇದ್ದಿದ್ದರೆ ಚೆಂಡಿಗೆ ಮೊದಲು ಯಾರ ಕಾಲು ತಾಗುತ್ತಿತ್ತು? ಕೀಪರ್ ಆಗಲೇ ಮುಂದೆ ಬಂದಿದ್ದರಿಂದ ಗೋಲು ಖಾಲಿ ಇತ್ತು ಅನ್ನುವುದನ್ನೂ ಮರೆಯಬೇಡಿ. ಅದು ನಿಮ್ಮ ವಿರುದ್ಧ ಹೋಗುವ ಅಂಶ, ಎದುರಿನವರು ಅದನ್ನು ಎತ್ತಿಯೇ ಎತ್ತುತ್ತಾರೆ.

ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಾರವಾರದಲ್ಲಿ ಮಧ್ಯಾಹ್ನದ ಮೇಲೆ ಸಮುದ್ರದಿಂದ ಗಾಳಿ ಬೀಸುತ್ತದೆ. ಎತ್ತಿ ಹೊಡೆದ ಚೆಂಡು ನೆಟ್ಟಗೆ ಬರುವುದಿಲ್ಲ, ಗುಡ್ಡದ ಕಡೆಗೆ ತೇಲಿಕೊಂಡು ಹೋಗುತ್ತದೆ. ನಿಮ್ಮ ಮೈದಾನ ಯಾವ ದಿಕ್ಕಿಗಿದೆ, ಚೆಂಡು ಗೋಲಿನಿಂದ ಆಚೆ ಸರಿಯುತ್ತಿತ್ತಾ ಅಥವಾ ಗೋಲಿನ ಕಡೆ ತಿರುಗುತ್ತಿತ್ತಾ ನೋಡಿ. ನಿಮ್ಮ ಗ್ಯಾಲರಿ ವಿಡಿಯೊ ಗೆರೆಯ ವಿಷಯಕ್ಕೆ ಕೆಲಸಕ್ಕೆ ಬಾರದು ಅಂದೆನಲ್ಲ, ಇದಕ್ಕೆ ಮಾತ್ರ ಬಹಳ ಕೆಲಸಕ್ಕೆ ಬರುತ್ತದೆ. ಸೆಂಟರ್ ಲೈನಿನಿಂದ ಇಡೀ ಓಟ ಕಾಣುತ್ತದೆ: ಯಾರು ಎಲ್ಲಿದ್ದರು, ಎಷ್ಟು ವೇಗದಲ್ಲಿದ್ದರು, ಚೆಂಡು ಎತ್ತ ಹೊರಟಿತ್ತು. ಎಲ್ಲರೂ ಕೈ ತಾಗಿದ ಒಂದೇ ಚಿತ್ರ ನಿಲ್ಲಿಸಿಕೊಂಡು ನೋಡುತ್ತಿದ್ದೀರಿ. ಅದಕ್ಕಿಂತ ಹಿಂದಿನ ಎರಡು ಸೆಕೆಂಡು ನೋಡಿ.

ಒಂದು ವಾದ ಮಾತ್ರ ಅಪೀಲಿನಲ್ಲಿ ಹಾಕಲೇಬೇಡಿ. "ಚೆಂಡು ಆಡಲು ಪ್ರಾಮಾಣಿಕವಾಗಿ ಪ್ರಯತ್ನಿಸಿದ, ಹಾಗಾಗಿ ಹಳದಿ ಸಾಕಿತ್ತು" ಅನ್ನುವುದು. 2016ರಲ್ಲಿ ಬಂದ ಆ ರಿಯಾಯಿತಿ ಇರುವುದು ಬಾಕ್ಸಿನೊಳಗೆ ಫೌಲ್ ಆಗಿ ಪೆನಾಲ್ಟಿ ಕೊಟ್ಟಾಗ. ಒಂದೇ ತಪ್ಪಿಗೆ ಪೆನಾಲ್ಟಿ ಮತ್ತು ಕೆಂಪು ಎರಡೂ ಜಾಸ್ತಿ ಆಯಿತು ಅಂತ ತಂದದ್ದು. ಬಾಕ್ಸಿನ ಹೊರಗೆ ಅದು ಲಾಗೂ ಆಗುವುದಿಲ್ಲ. ಬೇಕಂತಲೇ ಕೈ ಹಾಕಿದವನಿಗಂತೂ ಎಲ್ಲಿಯೂ ಇಲ್ಲ. ನಿಮ್ಮ ಹುಡುಗ ಹಾರಿ ಕೈ ಚಾಚಿದ್ದಾನೆ. ಅದು ಆಕಸ್ಮಿಕ ಅಂತ ಬರೆದರೆ ನಗುತ್ತಾರೆ.

ಈಗ ಅಪೀಲು. ಅಂತರರಾಷ್ಟ್ರೀಯ ನಿಯಮದಲ್ಲಿ, ಆಟದಲ್ಲಿ ನಡೆದ ಸಂಗತಿಗಳ ಬಗ್ಗೆ ರೆಫರಿ ಹೇಳಿದ್ದೇ ಕೊನೆ. ಫಿಫಾದ ಶಿಸ್ತು ನಿಯಮವೂ ಅದನ್ನೇ ಹೇಳುತ್ತದೆ, ಆದರೆ ಒಂದು ಸಣ್ಣ ಬಾಗಿಲು ತೆರೆದಿಟ್ಟಿದೆ: ರೆಫರಿ ಕಣ್ಣಿಗೆ ಕಾಣುವಂಥ ತಪ್ಪು ಮಾಡಿದ್ದರೆ ಆ ತೀರ್ಪಿನಿಂದ ಬಂದ ಶಿಕ್ಷೆಯನ್ನು, ಅಂದರೆ ಮುಂದಿನ ಪಂದ್ಯದ ನಿಷೇಧವನ್ನು, ಮತ್ತೆ ನೋಡಬಹುದು. ಪಂದ್ಯವನ್ನಲ್ಲ, ಶಿಕ್ಷೆಯನ್ನು ಮಾತ್ರ.

ಆ ಬಾಗಿಲು ನಿಜವಾಗಿಯೂ ತೆರೆದುಕೊಂಡ ಉದಾಹರಣೆ ಬೇಕಾದರೆ 2014ರ ಮಾರ್ಚ್ 22ರ ಚೆಲ್ಸಿ–ಆರ್ಸೆನಲ್ ಪಂದ್ಯ ನೋಡಿ. ಹಜಾರ್ಡ್ ಹೊಡೆದ ಚೆಂಡಿಗೆ ಆರ್ಸೆನಲ್‌ನ ಆಕ್ಸ್‌ಲೇಡ್-ಚೇಂಬರ್ಲೇನ್ ಹಾರಿ ಕೈ ಕೊಟ್ಟರು. ಅವರು ಕೀಪರ್ ಅಲ್ಲ. ರೆಫರಿ ಕೆಂಪು ತೋರಿಸಿದ್ದು ಅದೇ ತಂಡದ ಗಿಬ್ಸ್‌ಗೆ! "ಅದು ನಾನು" ಅಂತ ಆಕ್ಸ್‌ಲೇಡ್-ಚೇಂಬರ್ಲೇನ್ ತಾವೇ ಹೇಳಿದರೂ ಕೇಳಲಿಲ್ಲ. ಆಮೇಲೆ ಗಿಬ್ಸ್ ಶಿಕ್ಷೆ ರದ್ದಾಯಿತು, ಅದು ಎಲ್ಲರಿಗೂ ಗೊತ್ತು. ಹೆಚ್ಚಿನವರು ಮರೆತಿರುವುದು ಇನ್ನೊಂದು ಅರ್ಧ. ನಿಜವಾಗಿ ಕೈ ಹಾಕಿದ ಆಕ್ಸ್‌ಲೇಡ್-ಚೇಂಬರ್ಲೇನ್‌ಗೂ ನಿಷೇಧ ಬೀಳಲಿಲ್ಲ. ಯಾಕೆಂದರೆ ಆ ಚೆಂಡು ಹೇಗೂ ಕಂಬದ ಹೊರಗೆ ಹೋಗುತ್ತಿತ್ತು. ಹ್ಯಾಂಡ್‌ಬಾಲ್ ಹೌದು, ಕೆಂಪು ಕಾರ್ಡಿನ ತಪ್ಪು ಅಲ್ಲ ಅಂತ ಸಮಿತಿ ಒಪ್ಪಿತು. ನಿಮ್ಮ ಅಪೀಲಿನ ಬೆನ್ನೆಲುಬು ಇದೇ ಆಗಬೇಕು.

ನಮ್ಮ ದೇಶದಲ್ಲೂ ಆಗಿದೆ. 2021ರ ಜನವರಿಯಲ್ಲಿ ಎಫ್‌ಸಿ ಗೋವಾ ವಿರುದ್ಧ ಈಸ್ಟ್ ಬೆಂಗಾಲ್‌ನ ಡ್ಯಾನಿ ಫಾಕ್ಸ್‌ಗೆ ಬಿದ್ದ ಕೆಂಪು ಕಾರ್ಡನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ಶಿಸ್ತು ಸಮಿತಿ ರದ್ದು ಮಾಡಿತ್ತು. ಅದು ಟ್ಯಾಕಲ್ ವಿಷಯ, ಹ್ಯಾಂಡ್‌ಬಾಲ್ ಅಲ್ಲ. ಪಂದ್ಯದ ಫಲಿತಾಂಶ ಅಲ್ಲಿಯೂ ಹಾಗೆಯೇ ಉಳಿಯಿತು.

ಅಪೀಲು ಬರೆಯುವ ಮೊದಲು ಎರಡು ಕಾಗದ ಕೈಗೆ ಬರಬೇಕು. ಒಂದು, ನಿಮ್ಮ ಲೀಗಿನ ನಿಯಮ ಪುಸ್ತಕ. ಕಾರ್ಡಿನ ವಿರುದ್ಧ ಅಪೀಲಿಗೆ ಅವಕಾಶವೇ ಇಲ್ಲ ಅಂತ ಅದರಲ್ಲಿದ್ದರೆ ಇಷ್ಟೆಲ್ಲ ಓದಿದ್ದು ಬರೀ ಹರಟೆಗೆ. ಎಷ್ಟು ಗಂಟೆಯೊಳಗೆ ಕೊಡಬೇಕು, ಯಾರು ಸಹಿ ಹಾಕಬೇಕು ಅನ್ನುವುದೂ ಅದರಲ್ಲೇ ಇರುತ್ತದೆ. ಚೆನ್ನಾಗಿ ಬರೆದ ಅಪೀಲುಗಳು ತಡವಾಗಿ ಬಂದದ್ದಕ್ಕೇ ತಿರಸ್ಕಾರವಾಗುವುದುಂಟು. ಎರಡು, ರೆಫರಿ ವರದಿ. ಅದರ ಪ್ರತಿ ಕೊಡಿ ಅಂತ ಸಂಘಟಕರನ್ನು ಬರೆದು ಕೇಳಿ. ಯಾವ ಕಾರಣಕ್ಕೆ ಕೆಂಪು ಅಂತ ರೆಫರಿ ಬರೆದಿರಬೇಕು. "ಖಚಿತ ಗೋಲು ಅವಕಾಶ ತಪ್ಪಿಸಿದ" ಅಂತ ಬರೆದು, ಸ್ಟ್ರೈಕರ್ ಎಲ್ಲಿದ್ದ, ಡಿಫೆಂಡರ್ ಎಲ್ಲಿದ್ದ ಅಂತಲೂ ಹೇಳಿದ್ದರೆ ನಿಮ್ಮ ಕೆಲಸ ಕಷ್ಟ, ವಿಡಿಯೊ ಅದನ್ನು ಸ್ಪಷ್ಟವಾಗಿ ಸುಳ್ಳು ಮಾಡಬೇಕಾಗುತ್ತದೆ. "ಕೀಪರ್ ಬಾಕ್ಸಿನ ಹೊರಗೆ ಕೈಯಲ್ಲಿ ಮುಟ್ಟಿದ, ಹಾಗಾಗಿ ಹೊರಗೆ ಕಳುಹಿಸಿದೆ" ಅಂತ ಇಷ್ಟೇ ಬರೆದಿದ್ದರೆ ನಿಮ್ಮ ಅದೃಷ್ಟ. ಅಲ್ಲಿ ರೆಫರಿ ಕಣ್ಣು ತಪ್ಪಿದ್ದಲ್ಲ, ನಿಯಮವೇ ತಪ್ಪಿದೆ. ಅದನ್ನು ತೋರಿಸಲು ವಿಡಿಯೊ ಕೂಡ ಬೇಡ, ಅವರದೇ ವರದಿ ಸಾಕು.

ಅಪೀಲು ಒಂದು ಪುಟ ದಾಟದಿರಲಿ. ಹ್ಯಾಂಡ್‌ಬಾಲ್ ತೀರ್ಪನ್ನು ನಾವು ಪ್ರಶ್ನಿಸುತ್ತಿಲ್ಲ ಅಂತ ಮೊದಲ ಸಾಲಿನಲ್ಲೇ ಒಪ್ಪಿಕೊಳ್ಳಿ. ನಿಮ್ಮ ಹುಡುಗರು ಕೂಗಾಡುತ್ತಾರೆ, ಕೂಗಾಡಲಿ. ಆ ಒಂದು ಸಾಲಿನಿಂದ ಸಮಿತಿಯ ಮುಂದೆ ಉಳಿಯುವುದು ಕಾರ್ಡಿನ ಬಣ್ಣ ಮಾತ್ರ. ಆಮೇಲೆ ಚೆಂಡಿನ ದಿಕ್ಕು, ಲೆಫ್ಟ್ ಬ್ಯಾಕ್ ಇದ್ದ ಜಾಗ, ಸ್ಟ್ರೈಕರ್‌ಗೆ ಚೆಂಡಿನ ಮೇಲೆ ಹತೋಟಿ ಇರಲಿಲ್ಲ ಅನ್ನುವುದು. ರೆಫರಿ ಯಾರ ಕಡೆಯವರು, ಯಾವ ಊರಿನವರು, ಯಾರ ಜೊತೆ ಊಟ ಮಾಡಿದರು ಅನ್ನುವುದೆಲ್ಲ ಬೇಡ. ಕೊನೆಗೆ ಕೇಳುವುದು ಒಂದೇ: ಮುಂದಿನ ಪಂದ್ಯದ ನಿಷೇಧ ರದ್ದು ಮಾಡಿ.

ಪಂದ್ಯ ಮತ್ತೆ ಆಡಿಸಿ ಅಂತ ಯಾಕೆ ಕೇಳಬಾರದು? 2023ರ ಮಾರ್ಚ್ 3ರಂದು ಕಂಠೀರವದಲ್ಲಿ, ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಮತ್ತು ಕೇರಳ ಬ್ಲಾಸ್ಟರ್ಸ್ ಪಂದ್ಯದಲ್ಲಿ ಏನಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಕಾರವಾರದಲ್ಲಿ ಬಿಎಫ್‌ಸಿ ಅಭಿಮಾನಿಗಳೂ ಇದ್ದಾರೆ, ಗೋವಾದ ಫತೋರ್ಡಾ ಮೈದಾನ ಹತ್ತಿರ ಅಂತ ಗೋವಾ ತಂಡದ ಹಿಂದೆ ಹೋಗುವವರೂ ಇದ್ದಾರೆ. ಅವತ್ತು ಬಿಎಫ್‌ಸಿಯ ಚೆಟ್ರಿ ಬೇಗ ಹೊಡೆದು ಗೋಲು ಮಾಡಿದ ಫ್ರೀ ಕಿಕ್ ಬಗ್ಗೆ ಎಲ್ಲರ ಹತ್ತಿರವೂ ಒಂದೊಂದು ತೀರ್ಪಿದೆ. ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೋಯಿತು, ಪಂದ್ಯ ಮತ್ತೆ ಆಡಿಸಿ ಅಂತ ದೂರು ಕೊಟ್ಟಿತು. ದೂರು ಬಿದ್ದುಹೋಯಿತು. ಮೇಲಿಂದ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ.

ಮರುಪಂದ್ಯ ಆಗಿಯೇ ಇಲ್ಲ ಅಂತಲ್ಲ. 2005ರಲ್ಲಿ, ವಿಶ್ವಕಪ್ ಅರ್ಹತೆಯ ಎರಡು ಪಂದ್ಯಗಳ ಸುತ್ತಿನ ಮೊದಲ ಪಂದ್ಯದಲ್ಲಿ, ಉಜ್ಬೇಕಿಸ್ತಾನ ಬಹ್ರೇನ್ ವಿರುದ್ಧ 1-0 ಗೆದ್ದಿತ್ತು. ಉಜ್ಬೇಕಿಸ್ತಾನ ಒಂದು ಪೆನಾಲ್ಟಿಯನ್ನು ಗೋಲು ಮಾಡಿದಾಗ ಅವರದೇ ಆಟಗಾರ ಮೊದಲೇ ಬಾಕ್ಸಿಗೆ ನುಗ್ಗಿದ್ದ. ರೆಫರಿ ಪೆನಾಲ್ಟಿಯನ್ನು ಮತ್ತೆ ಹೊಡೆಸಬೇಕಿತ್ತು, ಅದರ ಬದಲು ಬಹ್ರೇನ್‌ಗೆ ಫ್ರೀ ಕಿಕ್ ಕೊಟ್ಟರು. ಅದು ನಿಯಮವನ್ನೇ ತಪ್ಪಾಗಿ ನಡೆಸಿದ್ದು. ಫಿಫಾ ಪಂದ್ಯ ರದ್ದು ಮಾಡಿ ಮತ್ತೆ ಆಡಿಸಿತು. ಮತ್ತೆ ಆಡಿದ ಪಂದ್ಯ 1-1, ಎರಡನೇ ಪಂದ್ಯ 0-0. ಎದುರಾಳಿ ನೆಲದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಬಹ್ರೇನ್ ಮುಂದೆ ಹೋಯಿತು, ಗೆದ್ದಿದ್ದ ಉಜ್ಬೇಕಿಸ್ತಾನವೇ ಹೊರಬಿತ್ತು. ನಿಮ್ಮ ರೆಫರಿ ವರದಿ ನಾನು ಹೇಳಿದ ಎರಡನೇ ರೀತಿಯಲ್ಲಿ ಇದ್ದರೂ ಇಷ್ಟು ದೂರ ಹೋಗುವ ಸಮಿತಿ ನಮ್ಮ ಜಿಲ್ಲೆಯಲ್ಲಿ ಸಿಗುತ್ತದೆ ಅಂತ ನನಗೆ ಅನಿಸುವುದಿಲ್ಲ. ದೊಡ್ಡದು ಕೇಳಿದರೆ ಚಿಕ್ಕದನ್ನು ಕೊಡಲೂ ಹಿಂಜರಿಯುತ್ತಾರೆ.

ಲೆಫ್ಟ್ ಬ್ಯಾಕ್ ಗ್ಲೌಸ್ ಹಾಕಿದ್ದು ಸರಿಯೇ. ಮೈದಾನದಲ್ಲಿರುವ ಯಾವ ಆಟಗಾರನಾದರೂ ರೆಫರಿಗೆ ಹೇಳಿ, ಆಟ ನಿಂತಾಗ ಗೋಲಿಗೆ ನಿಲ್ಲಬಹುದು. ಅಂಗಿ ಮಾತ್ರ ಬೇರೆ ಬಣ್ಣದ್ದಾಗಿರಬೇಕು. ಅಂದ ಹಾಗೆ, ಚೆಂಡು ಬೀಳುವ ಜಾಗಕ್ಕೆ ಎಲ್ಲರಿಗಿಂತ ಹತ್ತಿರ ಇದ್ದವನೂ ಅವನೇ ಅಲ್ವಾ? ಅವನಿಂದ ಅರ್ಧ ಪುಟದ ಹೇಳಿಕೆ ಬರೆಸಿ ಅಪೀಲಿಗೆ ಲಗತ್ತಿಸಿ. ಠೇವಣಿ ಕಟ್ಟಿದ್ದಕ್ಕೆ, ಅಪೀಲು ತಲುಪಿದ್ದಕ್ಕೆ, ಎರಡಕ್ಕೂ ಸಮಯ ಬರೆಸಿ ರಸೀದಿ ತೆಗೆದುಕೊಳ್ಳಿ.